ಡಿಗ್ರಿ ಮಕ್ಕಳಿಂದ ರಿಸರ್ಚ್ ಪ್ರಪೋಸಲ್ ಬರೆಸಿದ್ದು: ಕೊಡಗಿನಿಂದ ಒಂದು ಅನುಭವ

ನಮ್ಮ ಕಾಲೇಜಿನಿಂದ ಮೂರು ತಂಡ ಪ್ರಪೋಸಲ್ (ಏನು ಸಂಶೋಧನೆ, ಹೇಗೆ ಮಾಡ್ತೀವಿ ಅಂತ ಬರೆದು ಹಣ ಕೇಳುವ ಅರ್ಜಿ) ಹಾಕಿದ್ದವು. ಎರಡಕ್ಕೆ ಮಂಜೂರಾತಿ ಬಂತು, ಒಂದು ವಾಪಸ್ ಬಂತು. ಪತ್ರ ಕೈಗೆ ಸಿಕ್ಕಿ ಜಾಸ್ತಿ ದಿನ ಆಗಿಲ್ಲ. ನೆನಪು ಮಾಸುವ ಮೊದಲೇ ಬರೆದಿಡೋಣ ಅನ್ನಿಸಿತು. ಶುರು ಮಾಡುವಾಗ ನಾನೇ ಇಂಥದ್ದೊಂದು ಬರಹಕ್ಕಾಗಿ ಹುಡುಕಿದ್ದೆ. ಇಂಗ್ಲಿಷಿನಲ್ಲಿ ಬೇಕಾದಷ್ಟು ಸಿಕ್ಕಿತು. ಎಲ್ಲವೂ ದೊಡ್ಡ ಯೂನಿವರ್ಸಿಟಿಗಳಿಗೆ ಬರೆದದ್ದು. ಒಂದೇ ಲ್ಯಾಬ್, ಒಂದೇ ಪ್ರೊಜೆಕ್ಟರ್, ಮಳೆಗಾಲದಲ್ಲಿ ಯಾವಾಗ ಹೋಗುತ್ತೋ ಗೊತ್ತಿಲ್ಲದ ಕರೆಂಟು, ಇಂಥ ಡಿಗ್ರಿ ಕಾಲೇಜಿಗೆ ಹೊಂದುವಂಥದ್ದು ಸಿಗಲಿಲ್ಲ.

ನಾನು ಕಲಿಸೋದು ಪ್ರಾಣಿಶಾಸ್ತ್ರ, ಕೊನೆ ವರ್ಷದ ಬಿಎಸ್ಸಿ ಮಕ್ಕಳಿಗೆ. 2021ರಲ್ಲಿ ರಾಜ್ಯದಲ್ಲಿ ನಾಲ್ಕು ವರ್ಷದ ಡಿಗ್ರಿ ಬಂತು, ನಾಲ್ಕನೇ ವರ್ಷ ರಿಸರ್ಚ್ ಮಾಡಬಹುದು ಅಂದರು. 2024ರಲ್ಲಿ ಮತ್ತೆ ಮೂರೇ ವರ್ಷಕ್ಕೆ ಬಂತು. ಈ ಹಗ್ಗಜಗ್ಗಾಟದಲ್ಲಿ ಪ್ರಪೋಸಲ್ ಬರೆಯೋದು ಹೇಗೆ ಅಂತ ಹೇಳಿಕೊಡಲು ನಮ್ಮ ಟೈಮ್‌ಟೇಬಲ್‌ನಲ್ಲಿ ಜಾಗ ಉಳಿಯಲಿಲ್ಲ. ಅಷ್ಟರಲ್ಲಿ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗೆ ಸಣ್ಣ ಮೊತ್ತ ಕೊಡುವ ಒಂದು ಸಂಸ್ಥೆಯ ಸುತ್ತೋಲೆ ಬಂತು. ತಂಡಕ್ಕೆ 10,000 ರೂಪಾಯಿ ಒಳಗೆ, ನವೆಂಬರ್ ಕೊನೆಗೆ ಗಡುವು. ಆಗ ಆಗಸ್ಟ್. ಬೇಕಾದಷ್ಟು ಸಮಯ ಇದೆ ಅನ್ನಿಸುತ್ತೆ ಅಲ್ವಾ? ಕೊಡಗಿನಲ್ಲಿ ಇಲ್ಲ. ಆಗಸ್ಟ್‌ನಲ್ಲಿ ಡಿಸಿ ಮಳೆ ರಜೆ ಕೊಡ್ತಾರೆ. ಸೆಪ್ಟೆಂಬರ್ ಶುರುವಿಗೆ ಕೈಲ್ ಮುಹೂರ್ತ ಹಬ್ಬ. ಆಮೇಲೆ ಮಡಿಕೇರಿ ದಸರಾ, ಕಾವೇರಿ ಸಂಕ್ರಮಣ. ಸುಗ್ಗಿ ಹಬ್ಬ ಹುತ್ತರಿ ಹತ್ತಿರ ಬಂದರೆ ಅರ್ಧ ಕ್ಲಾಸ್ ಖಾಲಿ. ಶನಿವಾರ ಮಧ್ಯಾಹ್ನ ಬರುವವರು ಬನ್ನಿ ಅಂದೆ. ಬಂದರು, ಸರ್ಟಿಫಿಕೇಟ್ ಸಿಗುತ್ತೆ ಅನ್ನೋ ಆಸೆಯಿಂದಲೇ ಬಂದವರೂ ಇದ್ದರು. ಇರಲಿ.

ಮೊದಲ ದಿನ ಏನು ಮಾಡಬೇಕು ಅಂತಿದ್ದೀರಿ ಅಂತ ಒಂದು ಚೀಟಿಯಲ್ಲಿ ಬರೆಸಿದೆ. ‘ಹವಾಮಾನ ಬದಲಾವಣೆ’, ‘ಕಾವೇರಿ ಮಾಲಿನ್ಯ’, ‘ಜೇನುನೊಣಗಳ ಅಳಿವು’, ‘ಕೊಡಗಿನ ಜೀವವೈವಿಧ್ಯ’. ಭಾಷಣ ಸ್ಪರ್ಧೆಗೆ ಕೊಡುವ ವಿಷಯಗಳು. ಇದರಲ್ಲಿ ಪ್ರಶ್ನೆ ಎಲ್ಲಿದೆ ಅಂದರೆ ಎಲ್ಲರೂ ಸುಮ್ಮನಾದರು. ವೈಜ್ಞಾನಿಕ ವಿಧಾನ ಏನು ಅಂತ ಕೇಳಿದರೆ ಮಾತ್ರ ಪಟಪಟನೆ ಉತ್ತರ ಬಂತು. ವೀಕ್ಷಣೆ, ಹೈಪಾಥಿಸಿಸ್, ಪ್ರಯೋಗ, ತೀರ್ಮಾನ. ನಾಲ್ಕು ಡಬ್ಬಿ, ಮಧ್ಯೆ ಬಾಣದ ಗುರುತು. ಐದು ಮಾರ್ಕ್ಸ್‌ಗೆ ಬರೆದು ಬರೆದು ಬಾಯಿಪಾಠ ಆಗಿದೆ.

ಹಾಗಾಗಿ ಪ್ರಪೋಸಲ್ ಮಾತು ಬದಿಗಿಟ್ಟು ಕಾಫಿ ಕುಡಿಸಿದೆ.

ತಮಾಷೆ ಅಲ್ಲ. ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದಾನೆ, ಮನೆಯಲ್ಲಿ ತೋಟ. ಅರೇಬಿಕಾ ಯಾವುದು, ರೋಬಸ್ಟಾ ಯಾವುದು ಅಂತ ಒಂದು ಗುಟುಕಿನಲ್ಲಿ ಹೇಳ್ತೀನಿ ಅಂತ ಯಾವಾಗಲೂ ಜಂಬ ಕೊಚ್ಚಿಕೊಳ್ತಿದ್ದ. ಸರಿ, ಪರೀಕ್ಷೆ ಮಾಡೋಣ, ಹೇಗೆ ಮಾಡಬೇಕು ನೀವೇ ಹೇಳಿ ಅಂದೆ. ಒಬ್ಬಳು ಎರಡು ಕಪ್ ಕೊಡೋಣ ಅಂದಳು. ಕಣ್ಣು ಮುಚ್ಚಿಕೊಂಡು ಹೇಳಿದರೂ ಅರ್ಧ ಸಲ ಸರಿ ಬರುತ್ತಲ್ಲ ಅಂತ ಪಕ್ಕದವಳು. ನಾಲ್ಕು ಕಪ್? ಎಂಟು? ಡಿಕಾಕ್ಷನ್ ಬಣ್ಣ ನೋಡಿಯೇ ಹೇಳಿಬಿಡ್ತಾನೆ ಮೇಡಂ, ಕಣ್ಣಿಗೆ ಬಟ್ಟೆ ಕಟ್ಟಬೇಕು. ಒಂದು ಬಿಸಿ ಒಂದು ತಣ್ಣಗೆ ಇದ್ದರೆ ಗೊತ್ತಾಗುತ್ತೆ. ಹುರಿದ ಹದ ಒಂದೇ ಇರಬೇಕು. ಸಕ್ಕರೆ ಬೇಡ. ಕಪ್ ಕೊಡುವವನಿಗೇ ಯಾವುದು ಯಾವುದು ಅಂತ ಗೊತ್ತಿದ್ದರೆ ಅವನ ಮುಖ ಹೇಳಿಬಿಡುತ್ತೆ. ಕಣ್ಣು ಕಟ್ಟಿದ ಮೇಲೆ ಮುಖ ಎಲ್ಲಿ ಕಾಣ್ತದೆ? ಹಾಗಾದರೆ ಕೆಮ್ಮಿ ಸನ್ನೆ ಮಾಡ್ತಾನೆ. ಗಲಾಟೆಯೋ ಗಲಾಟೆ. ಕಂಟ್ರೋಲ್, ಬ್ಲೈಂಡಿಂಗ್, ರ್‍ಯಾಂಡಮೈಸೇಶನ್ ಅನ್ನೋ ಮಾತು ನಾನು ಒಂದೂ ಹೇಳಿರಲಿಲ್ಲ. ಅರ್ಧ ಗಂಟೆಯಲ್ಲಿ ಮೂರನ್ನೂ ಅವರೇ ಕಂಡುಹಿಡಿದಿದ್ದರು. ಹೆಸರು ಆಮೇಲೆ ಹೇಳಿದೆ: ಉಳಿದದ್ದೆಲ್ಲ ಒಂದೇ ಇರಬೇಕು ಅನ್ನೋದು ಕಂಟ್ರೋಲ್, ಯಾವುದು ಯಾವುದು ಅಂತ ಗೊತ್ತಾಗಬಾರದು ಅನ್ನೋದು ಬ್ಲೈಂಡಿಂಗ್, ಸರದಿಯನ್ನು ಚೀಟಿ ಎತ್ತಿ ನಿರ್ಧರಿಸೋದು ರ್‍ಯಾಂಡಮೈಸೇಶನ್.

ಎಂಟು ಪೇಪರ್ ಕಪ್, ನಾಲ್ಕು ಅರೇಬಿಕಾ, ನಾಲ್ಕು ರೋಬಸ್ಟಾ. ಯಾವ ಸರದಿಯಲ್ಲಿ ಕೊಡಬೇಕು ಅಂತ ಚೀಟಿ ಎತ್ತಿದೆವು. ನಾಲ್ಕು ಅರೇಬಿಕಾ ಯಾವುದು ಅಂತ ಅವನು ಆರಿಸಬೇಕು. ಆರಿಸಿದ್ದರಲ್ಲಿ ಮೂರು ಸರಿ, ಒಂದು ತಪ್ಪು. ಅಂದರೆ ಎಂಟರಲ್ಲಿ ಆರು ಸರಿ. “75 ಪರ್ಸೆಂಟ್ ಮೇಡಂ, ಡಿಸ್ಟಿಂಕ್ಷನ್!” ಅಂತ ಗೆಳೆಯರು ಚಪ್ಪಾಳೆ ತಟ್ಟಿದರು.

ಬೋರ್ಡಿಗೆ ಹೋದೆವು. ಎಂಟು ಕಪ್‌ನಲ್ಲಿ ನಾಲ್ಕನ್ನು ಆರಿಸಲು 70 ದಾರಿ ಇವೆ. ನಾಲ್ಕೂ ಸರಿ ಬರುವುದು ಒಂದೇ ದಾರಿಯಲ್ಲಿ. ಮೂರು ಸರಿ, ಒಂದು ತಪ್ಪು ಬರುವುದು 16 ದಾರಿಗಳಲ್ಲಿ. ಒಟ್ಟು 17. ಅಂದರೆ ನಾಲಿಗೆಗೆ ಏನೂ ಗೊತ್ತಾಗದೆ ಸುಮ್ನೆ ಕೈಗೆ ಸಿಕ್ಕಿದ್ದನ್ನು ಎತ್ತಿದರೂ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಸಲ ಈ ‘ಡಿಸ್ಟಿಂಕ್ಷನ್’ ಬರುತ್ತದೆ. ಕ್ಲಾಸ್ ತಣ್ಣಗಾಯಿತು. ಹುಡುಗನಿಗೆ ಸಿಟ್ಟು. “ಹಾಗಾದರೆ ನನಗೆ ಗೊತ್ತಾಗಲ್ಲ ಅಂತ ಸಾಬೀತಾಯ್ತಾ?” ಅಂತ ಕೇಳಿದ. ಒಳ್ಳೆ ಪ್ರಶ್ನೆ. ಅದೂ ಸಾಬೀತಾಗಿಲ್ಲ. ಎಂಟು ಕಪ್‌ನಿಂದ ಹೇಳಲು ಆಗಲ್ಲ, ಅಷ್ಟೇ. ಎಷ್ಟು ಕಪ್ ಬೇಕು ಅನ್ನೋದನ್ನು ಮೊದಲೇ ಲೆಕ್ಕ ಹಾಕಬೇಕು, ಪ್ರಪೋಸಲ್ ಅಂದರೆ ಆ ಲೆಕ್ಕವೇ ಅಂದೆ.

ಈ ಆಟ ನಾನು ಹುಟ್ಟಿಸಿದ್ದಲ್ಲ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮ್ಯೂರಿಯಲ್ ಬ್ರಿಸ್ಟಲ್ ಎಂಬ ಪಾಚಿ ತಜ್ಞೆ ಇದ್ದರು. ಕಪ್ಪಿಗೆ ಮೊದಲು ಹಾಲು ಹಾಕಿದ್ದಾ, ಟೀ ಹಾಕಿದ್ದಾ ಅಂತ ರುಚಿ ನೋಡಿ ಹೇಳ್ತೀನಿ ಅಂದರಂತೆ. ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಅದನ್ನೇ ಎಂಟು ಕಪ್ಪಿನ ಪ್ರಯೋಗ ಮಾಡಿ 1935ರಲ್ಲಿ ಬರೆದರು. ನಮ್ಮಲ್ಲಿ ಟೀಗಿಂತ ಕಾಫಿ ಸುಲಭ. ಖರ್ಚು ನೂರು ರೂಪಾಯಿ ಒಳಗೆ. ನೀವು ಕಲಿಸುವವರಾದರೆ ಇದೊಂದನ್ನು ಬಿಡಬೇಡಿ. ಒಂದೇ ಒಂದು ಎಚ್ಚರ: ಪೌಡರ್ ಅಂಗಡಿಯಲ್ಲಿ ಚಿಕೋರಿ ಬೆರೆಸದ್ದು ಅಂತ ಕೇಳಿ ತನ್ನಿ.

ಆಮೇಲೆ ಪ್ರಶ್ನೆ ಮಾಡುವ ಕೆಲಸ. ಇದಕ್ಕೆ ಎಷ್ಟೋ ಶನಿವಾರ ಹೋಯಿತು, ಹೋಗಲಿ ಅಂತಲೇ ಬಿಟ್ಟೆ. ಫಾರ್ಮ್ಯಾಟ್ ತೋರಿಸಲೇ ಇಲ್ಲ. ಫಾರ್ಮ್ಯಾಟ್ ಕಂಡರೆ ಮಕ್ಕಳು ತಕ್ಷಣ ‘ಪೀಠಿಕೆ’ ಬರೆಯಲು ಕೂತುಬಿಡ್ತಾರೆ. ಪ್ರತಿ ತಂಡಕ್ಕೂ ಕೇಳುತ್ತಿದ್ದದ್ದು ಎರಡೇ ಮಾತು. ನಿಮ್ಮ ಪ್ರಶ್ನೆಗೆ ‘ಇಲ್ಲ’ ಅನ್ನೋ ಉತ್ತರ ಬರಬಹುದಾ? ಬಂದರೆ ಅದು ನಿಮಗೆ ಹೇಗೆ ಗೊತ್ತಾಗುತ್ತೆ? ‘ಕೊಡಗಿನ ಜೀವವೈವಿಧ್ಯ’ ಇಲ್ಲೇ ಉದುರಿ ಹೋಯಿತು. ಮೊದಲು ದೇವರಕಾಡು (ಊರಿನವರು ದೇವರಿಗೆ ಬಿಟ್ಟ ಕಾಡು) ಮಾಡ್ತೀವಿ ಅಂದ ಹುಡುಗರೂ ಬೇರೆ ದಾರಿ ಹಿಡಿದರು. ಊರಿನ ತಕ್ಕರನ್ನು, ಅಂದರೆ ಮುಖ್ಯಸ್ಥರನ್ನು, ಕೇಳಿದರೆ, ನೋಡಿ ಬನ್ನಿ, ಒಂದು ಎಲೆ ಕೀಳಬೇಡಿ ಅಂದರು. ಅದು ಅವರ ಹಕ್ಕು. ಇನ್ನು ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿಯಂಥ ಅಭಯಾರಣ್ಯದ ಒಳಗೆ ಸಂಶೋಧನೆಗೆ ಹೋಗಲು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಆ ಕಾಗದ ಬೆಂಗಳೂರಿಗೆ ಹೋಗಿ ಬರುವಷ್ಟರಲ್ಲಿ ಇವರ ಡಿಗ್ರಿ ಮುಗಿದಿರುತ್ತೆ. ಒಂದು ಸೆಮಿಸ್ಟರ್ ಮಾತ್ರ ಕೈಯಲ್ಲಿದ್ದರೆ ತೋಟ, ಗದ್ದೆ, ಕಾಲೇಜು ಆವರಣ, ಇಷ್ಟರಲ್ಲೇ ಇರಿ.

ಕೊನೆಗೆ ಉಳಿದದ್ದು ಮಳೆ, ಜೇನು, ತೋಡು (ಸಣ್ಣ ಹಳ್ಳ).

ಮಳೆ ತಂಡದ ವಿಷಯ ಮೊದಲು ‘ಕೊಡಗಿನಲ್ಲಿ ಹವಾಮಾನ ಬದಲಾವಣೆ’ ಅಂತಿತ್ತು. ಡೇಟಾ ಎಲ್ಲಿಂದ ತರ್ತೀರಿ ಅಂದೆ. ನೆಟ್‌ನಿಂದ ಅಂದರು. ಆಗ ಆ ತಂಡದ ಹುಡುಗಿಯೊಬ್ಬಳು, “ನಮ್ಮ ಪಕ್ಕದ ತೋಟದಲ್ಲಿ ರೈಟರ್ (ಲೆಕ್ಕ ಬರೆಯುವವರು) ದಿನಾ ಬೆಳಿಗ್ಗೆ ಮಳೆ ಅಳೆದು ಬರೀತಾರಲ್ಲ ಮೇಡಂ, ಅದು ಆಗುತ್ತಾ?” ಅಂದಳು. ಆಗದೆ ಏನು! ಕೊಡಗಿನ ತೋಟಗಳಲ್ಲಿ ಮಳೆ ಲೆಕ್ಕ ಬರೆದಿಡುವುದು ಹಳೇ ರೂಢಿ. ಇಲ್ಲಿ ಇಬ್ಬರು ಬೆಳೆಗಾರರು ಸಿಕ್ಕಿದರೆ ಮೊದಲ ಮಾತೇ ‘ನಿಮ್ಮಲ್ಲಿ ಎಷ್ಟು ಬಂತು?’ ಉತ್ತರ ಇಂಚು, ಸೆಂಟ್ ಲೆಕ್ಕದಲ್ಲಿ. ನೂರು ಸೆಂಟ್ ಅಂದರೆ ಒಂದು ಇಂಚು, 25.4 ಮಿಲಿಮೀಟರ್.

ಮಡಿಕೇರಿ ಕಡೆಯ ಆ ತೋಟಕ್ಕೆ ಹೋದೆವು. ಯಜಮಾನರಿಗೆ ಎಂಬತ್ತರ ಹತ್ತಿರ ವಯಸ್ಸು. “ಪುಸ್ತಕ ಹೊರಗೆ ಕೊಡಲ್ಲ ಮಕ್ಕಳೇ, ಇಲ್ಲೇ ಕೂತು ನೋಡಿ” ಅಂದರು. ಬೀರುವಿನಿಂದ ಒಂದೊಂದೇ ಇಳಿಸಿದರು. ರಟ್ಟಿನ ಹೊದಿಕೆಯ ಉದ್ದನೆ ಪುಸ್ತಕಗಳು. ಕೆಲವು ಅಂಚುಗಳನ್ನು ಹುಳ ತಿಂದಿದೆ. ಪುಟಕ್ಕೆ ಒಂದು ತಿಂಗಳು. ಇಂಚು ಒಂದು ಸಾಲು, ಸೆಂಟ್ ಒಂದು ಸಾಲು, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಹೂ ಮಳೆ’ (ಕಾಫಿ ಹೂ ಅರಳಿಸುವ ಮಳೆ), ‘ಆಲಿಕಲ್ಲು’, ‘ಆನೆ ಬಂತು’ ಅಂತೆಲ್ಲ ಸಣ್ಣ ಟಿಪ್ಪಣಿ. ಮಕ್ಕಳು ಫೋನಿನಲ್ಲಿ ಫೋಟೋ ತೆಗೆಯುತ್ತಾ ಹೋದರು. 2018ರ ಆಗಸ್ಟ್ ಬಂತು. ಹದಿನೈದರವರೆಗೆ ದಿನಾ ಅಂಕಿ ಇದೆ. ಆಮೇಲೆ ಕೆಲವು ಸಾಲು ಖಾಲಿ.

ಆ ದಿನಗಳು ಇಲ್ಲಿ ಯಾರಿಗೂ ಮರೆತಿಲ್ಲ. ಗುಡ್ಡ ಜಾರಿದ್ದು ಆಗಲೇ. ಮಳೆಮಾಪಕದ ಹತ್ತಿರ ಹೋಗಲು ದಾರಿಯೇ ಇರಲಿಲ್ಲ ಅಂದರು ಅಜ್ಜ. ಎಕ್ಸೆಲ್‌ನಲ್ಲಿ ತುಂಬುತ್ತಿದ್ದ ಹುಡುಗ ಖಾಲಿ ಕಂಡಲ್ಲೆಲ್ಲ 0 ಹಾಕಿಕೊಂಡು ಹೋಗುತ್ತಿದ್ದ. ಪಕ್ಕದಲ್ಲಿ ಕೂತಿದ್ದ ಹುಡುಗಿಯ ಊರು ಆ ವರ್ಷ ಜಾರಿದ ಊರುಗಳಲ್ಲೊಂದು. “ಸೊನ್ನೆ ಹಾಕಬೇಡ” ಅಂದಳು. “ಅವತ್ತು ಮಳೆ ಬರಲಿಲ್ಲ ಅಂತ ಆಗುತ್ತೆ.”

ಡೇಟಾ ಇಲ್ಲದಿರುವುದು ಬೇರೆ, ಸೊನ್ನೆ ಬೇರೆ ಅಂತ ನಾನು ಸ್ಲೈಡ್ ಹಾಕಿ ಹೇಳಿದ್ದರೆ ಯಾರಿಗೂ ನಾಟುತ್ತಿರಲಿಲ್ಲ. ಅತಿ ಹೆಚ್ಚು ಮಳೆ ಬಿದ್ದ ದಿನವೇ ಪುಸ್ತಕದಲ್ಲಿ ಖಾಲಿ ಇರುವ ಸಾಧ್ಯತೆ ಜಾಸ್ತಿ. ಅದನ್ನು ಸೊನ್ನೆ ಅಂತ ತಗೊಂಡರೆ ಇಡೀ ಲೆಕ್ಕ ತಲೆಕೆಳಗು. ಖಾಲಿ ಸಾಲುಗಳನ್ನು ಏನು ಮಾಡ್ತೀವಿ ಅಂತ ವಿಧಾನದ ಭಾಗದಲ್ಲಿ ಒಂದು ಇಡೀ ಪ್ಯಾರಾ ಬರೆದರು. ಮುಂದೆ ಸಂದರ್ಶನದಲ್ಲಿ ಪರಿಶೀಲಕರು ಹೊಗಳಿದ್ದು ಅದೊಂದೇ ಪ್ಯಾರಾವನ್ನು.

ಇಂಥ ಹಳೇ ಪುಸ್ತಕ ಬಳಸುವವರಿಗೆ ಇನ್ನೆರಡು ಮಾತು. ಹವಾಮಾನ ಇಲಾಖೆ ಬೆಳಿಗ್ಗೆ 8:30ಕ್ಕೆ ರೀಡಿಂಗ್ ತೆಗೆದು, ಹಿಂದಿನ 24 ಗಂಟೆಯ ಮಳೆಯನ್ನು ಆ ದಿನದ ತಾರೀಕಿಗೆ ಬರೆಯುತ್ತದೆ. ಕೆಲವು ತೋಟದವರು ಅದನ್ನೇ ಹಿಂದಿನ ದಿನಕ್ಕೆ ಬರೆಯುತ್ತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಂದು ದಿನ ಜರುಗಿರುತ್ತೆ, ಕೇಳಿ ತಿಳಿದುಕೊಳ್ಳಿ. ಎರಡನೆಯದು, ಮಾಪಕ ಯಾವಾಗಲಾದರೂ ಜಾಗ ಬದಲಾಯಿಸಿದೆಯಾ ಅಂತ ಕೇಳಿ. ಒಂದು ತೋಟದಲ್ಲಿ ಕಣ ದೊಡ್ಡದು ಮಾಡುವಾಗ ಮಾಪಕವನ್ನು ಸಿಲ್ವರ್ ಓಕ್ ಮರದ ಪಕ್ಕಕ್ಕೆ ಸರಿಸಿದ್ದರು. ಅಲ್ಲಿಂದ ಮಳೆ ‘ಕಮ್ಮಿ’ ಆಗಿದೆ! ಆ ತೋಟವನ್ನು ಕೈಬಿಟ್ಟೆವು.

ಕೊನೆಗೆ ಅವರ ಪ್ರಶ್ನೆ ಹೀಗೆ ನಿಂತಿತು: ಈ ತೋಟಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬೀಳುವ ದಿನಗಳು ಕಮ್ಮಿಯಾಗಿವೆಯಾ? ಹವಾಮಾನ ಇಲಾಖೆಗೆ 2.5 ಮಿಲಿಮೀಟರ್ ಅಥವಾ ಜಾಸ್ತಿ ಬಿದ್ದರೆ ಮಾತ್ರ ಅದು ಮಳೆ ದಿನ. ತೋಟದ ಲೆಕ್ಕದಲ್ಲಿ ಅದು ಹತ್ತು ಸೆಂಟ್. ಉತ್ತರ ‘ಇಲ್ಲ’ ಅಂತಲೂ ಬರಬಹುದು, ಬಂದರೆ ಗೊತ್ತಾಗುತ್ತೆ. ಅಜ್ಜನಿಗೆ ಮಾತ್ರ ಇದು ಹಿಡಿಸಲಿಲ್ಲ. “ಕಮ್ಮಿ ಆಗಿದೆ ಅಂತ ನಾನೇ ಹೇಳ್ತೀನಲ್ಲ, ಇದಕ್ಕೆ ಸರ್ಕಾರದ ದುಡ್ಡು ಯಾಕೆ?” ಅಂದರು.

ಜೇನು ತಂಡದ ಕಥೆ ಬೇರೆ. ರೋಬಸ್ಟಾ ಗಿಡ ತನ್ನದೇ ಪರಾಗದಿಂದ ಕಾಯಿ ಕಚ್ಚುವುದಿಲ್ಲ, ಬೇರೆ ಗಿಡದ ಪರಾಗ ಬೇಕು. ಅದನ್ನು ತರುವುದು ಗಾಳಿ ಮತ್ತು ಜೇನು. ಹಾಗಾದರೆ ಜೇನಿನ ಪಾಲು ಎಷ್ಟು? ಕೆಲವು ಕೊಂಬೆ ಹಾಗೇ ಬಿಡುವುದು. ಕೆಲವಕ್ಕೆ ಸಣ್ಣ ಕಣ್ಣಿನ ನೆಟ್ ಕಟ್ಟುವುದು, ಜೇನು ಬರಲ್ಲ, ಗಾಳಿ ಬರುತ್ತೆ. ಕೆಲವಕ್ಕೆ ಪೇಪರ್ ಕವರ್, ಎರಡೂ ಬರಲ್ಲ. ಮೂರನ್ನೂ ಒಂದೇ ಗಿಡದಲ್ಲಿ ಮಾಡಬೇಕು, ಇಲ್ಲದಿದ್ದರೆ ಗಿಡಗಿಡದ ವ್ಯತ್ಯಾಸವೇ ಜೇನಿನ ವ್ಯತ್ಯಾಸದ ಹಾಗೆ ಕಾಣುತ್ತೆ. ಪ್ರಶ್ನೆ ಚೆಂದ, ವಿಧಾನವೂ ಚೆಂದ. ತೊಡಕು ಬಂದದ್ದು ವೇಳಾಪಟ್ಟಿಯಲ್ಲಿ. ಫಾರ್ಮ್‌ನಲ್ಲಿ ಪ್ರತಿ ಕೆಲಸಕ್ಕೂ ‘ಇಂಥ ತಾರೀಕಿನಿಂದ ಇಂಥ ತಾರೀಕಿಗೆ’ ಅಂತ ತುಂಬಬೇಕು. ಕಾಫಿ ಹೂ ಅರಳುವುದು ಫೆಬ್ರವರಿ, ಮಾರ್ಚ್‌ನಲ್ಲಿ ಹೂ ಮಳೆ ಬಿದ್ದ ಎಂಟು ಹತ್ತು ದಿನಕ್ಕೆ. ಆ ಮಳೆ ಯಾವತ್ತು ಅಂತ ಯಾರು ಹೇಳ್ತಾರೆ? ಪೋರ್ಟಲ್ ಮಾತ್ರ ತಾರೀಕಿಲ್ಲದೆ ಮುಂದಕ್ಕೆ ಹೋಗಲ್ಲ. ಸ್ಪ್ರಿಂಕ್ಲರ್ ಇರುವ ಒಂದು ತೋಟವನ್ನು ಸೇರಿಸಿಕೊಂಡೆವು. ಅಲ್ಲಿ ನೀರು ಹಾಯಿಸಿದ ದಿನ ಲೆಕ್ಕಕ್ಕೆ ಸಿಗುತ್ತೆ. ಮಳೆ ನಂಬಿದ ತೋಟಕ್ಕೆ ‘ಹೂ ಮಳೆಯ ದಿನದಿಂದ’ ಅಂತ ಟಿಪ್ಪಣಿ ಹಾಕಿದೆವು.

ತೋಡಿನ ತಂಡದ್ದು ಕಾಫಿ ಪಲ್ಪಿಂಗ್ ನೀರಿನ, ಅಂದರೆ ಹಣ್ಣಿನ ಸಿಪ್ಪೆ ಸುಲಿದು ತೊಳೆದ ನೀರಿನ ಪ್ರಶ್ನೆ. ಪಲ್ಪರ್ ಮನೆಗಿಂತ ಮೇಲ್ಗಡೆ ಮತ್ತು ಕೆಳಗಡೆ ತೋಡಿನ ನೀರು ತೆಗೆದು ಆಮ್ಲಜನಕ ಅಳೆಯೋದು. ಒಂದು ತೋಡಿನಲ್ಲಿ ಮೇಲೆ ಹತ್ತು ಬಾಟಲಿ, ಕೆಳಗೆ ಹತ್ತು ಬಾಟಲಿ, ಸ್ಯಾಂಪಲ್ ಇಪ್ಪತ್ತು ಅಂತ ಬರೆದಿದ್ದರು. ಅದು ಇಪ್ಪತ್ತು ಅಲ್ಲ. ಒಂದೇ ತೋಡು, ಬಾಟಲಿ ಎಷ್ಟಾದರೂ ಒಂದೇ. ಪರಿಸರ ವಿಜ್ಞಾನಿ ಸ್ಟುವರ್ಟ್ ಹರ್ಲ್‌ಬರ್ಟ್ 1984ರಲ್ಲಿ ಇದಕ್ಕೆ ಸ್ಯೂಡೋರೆಪ್ಲಿಕೇಶನ್ (ಸುಳ್ಳು ಪುನರಾವರ್ತನೆ) ಅಂತ ಹೆಸರಿಟ್ಟು ಎಷ್ಟೋ ಸಂಶೋಧಕರನ್ನು ತರಾಟೆಗೆ ತಗೊಂಡಿದ್ದರು. ಹಾಗಾದರೆ ಬೇರೆ ಬೇರೆ ತೋಡು ಬೇಕು, ಅಂದರೆ ಬೇರೆ ಬೇರೆ ತೋಟದ ಒಪ್ಪಿಗೆ ಬೇಕು. ಪಲ್ಪಿಂಗ್ ನೀರು ಅಂದ ಕೂಡಲೇ ಬಾಗಿಲು ಮುಚ್ಚಿಕೊಂಡವು. ಮಾಲಿನ್ಯ ಮಂಡಳಿಗೆ ಹೇಳ್ತಾರೆ ಅನ್ನೋ ಭಯ. ತೋಟದ ಹೆಸರು ಎಲ್ಲೂ ಬರೆಯಲ್ಲ ಅಂತ ಕಾಗದ ಬರೆದುಕೊಟ್ಟ ಮೇಲೆ ಕೆಲವರು ಒಪ್ಪಿದರು.

ಓದುವ ಕೆಲಸದ ಬಗ್ಗೆ ಹೇಳಲೇಬೇಕು. ಮಕ್ಕಳು ರಿಸರ್ಚ್ ಪೇಪರ್ ಓದಿಲ್ಲ ಅಂತ ಬೈಯುವ ಮೊದಲು ಪೇಪರ್ ಎಲ್ಲಿ ಸಿಗುತ್ತೆ ಅಂತ ತೋರಿಸಬೇಕು. ಗೂಗಲ್ ಸ್ಕಾಲರ್ ಇದೆ. ನಮ್ಮ ದೇಶದ ಪಿಎಚ್‌ಡಿ ಪ್ರಬಂಧಗಳು ಶೋಧಗಂಗಾ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಸರ್ಕಾರಿ ಕಾಲೇಜಾದರೆ, ರಿಸರ್ಚ್ ಪತ್ರಿಕೆಗಳನ್ನು ಸರ್ಕಾರಿ ಸಂಸ್ಥೆಗಳಿಗೆ ಓದಲು ಕೊಡುವ, 2025ರ ಜನವರಿಯಿಂದ ಶುರುವಾದ ‘ಒನ್ ನೇಶನ್ ಒನ್ ಸಬ್‌ಸ್ಕ್ರಿಪ್ಶನ್’ ಯೋಜನೆಯಲ್ಲಿ ನಿಮ್ಮ ಕಾಲೇಜು ನೋಂದಾಯಿಸಿಕೊಂಡಿದೆಯಾ ಅಂತ ಲೈಬ್ರರಿಯಲ್ಲಿ ವಿಚಾರಿಸಿ. ಕಾಫಿ ಬಗ್ಗೆ ಆದರೆ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ, ಏಲಕ್ಕಿ ಆದರೆ ಅಪ್ಪಂಗಳದ ಕೇಂದ್ರ, ಮರ ಕಾಡು ಆದರೆ ಪೊನ್ನಂಪೇಟೆಯ ಅರಣ್ಯ ಕಾಲೇಜು, ಎಲ್ಲ ಬಸ್ಸಿನಲ್ಲಿ ಹೋಗಿಬರುವ ದೂರದಲ್ಲೇ ಇವೆ. ಪ್ರಾಂಶುಪಾಲರ ಪತ್ರ ಹಿಡಿದು ಹೋಗಿ.

ಅಕ್ಟೋಬರ್ ಕೊನೆಗೆ ಮೊದಲ ಡ್ರಾಫ್ಟ್ ತನ್ನಿ ಅಂದೆ. ಒಂದು ತಂಡದ್ದು ಓದಿದರೆ ನಯವಾದ ಇಂಗ್ಲಿಷ್, ಒಂದು ತಪ್ಪಿಲ್ಲ. ಕೊಡಗಿನ ಹೆಸರು ತೆಗೆದು ಕೇರಳ ಅಂತ ಹಾಕಿದರೂ ನಡೆಯುತ್ತಿತ್ತು. ಎಐ ಆ್ಯಪ್ ಕೈಲಿ ಬರೆಸಿದ್ದು. ಕೊನೆಯಲ್ಲಿ ಕೊಟ್ಟಿದ್ದ ಪೇಪರ್‌ಗಳನ್ನು ಒಂದೊಂದಾಗಿ ಹುಡುಕಿಸಿದೆ. ಕೆಲವು ಭೂಮಿ ಮೇಲೆ ಇಲ್ಲವೇ ಇಲ್ಲ. ಲೇಖಕರ ಹೆಸರು ಇದೆ, ಪತ್ರಿಕೆ ಹೆಸರು ಇದೆ, ಡಿಒಐ ಸಂಖ್ಯೆಯೂ (ಪೇಪರ್‌ನ ಗುರುತಿನ ಸಂಖ್ಯೆ) ಇದೆ. ಹಾಕಿ ನೋಡಿದರೆ ಯಾವುದೋ ಬೇರೆ ಲೇಖನ ತೆರೆಯುತ್ತೆ, ಇಲ್ಲ ಏನೂ ತೆರೆಯಲ್ಲ. ಮಕ್ಕಳೇ ಬೆಚ್ಚಿಬಿದ್ದರು. ಬೈಯಲಿಲ್ಲ. ಮೊದಲು ಕನ್ನಡದಲ್ಲಿ ಬಾಯಲ್ಲಿ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ, ಅದನ್ನು ಕೇಳಿಕೊಂಡು ಇಂಗ್ಲಿಷಿನಲ್ಲಿ ಬರೀರಿ ಅಂದೆ. ಇಂಗ್ಲಿಷ್ ಒಡ್ಡೊಡ್ಡಾಗಿ ಬಂತು, ಆದರೆ ಅವರದ್ದೇ ಪ್ರಶ್ನೆ, ಅವರದ್ದೇ ತೋಟ. ವ್ಯಾಕರಣ ತಿದ್ದಲು ಇಂಗ್ಲಿಷ್ ಮೇಡಂ ಕೂತುಕೊಂಡರು, ಅವರಿಗೆ ಒಂದು ದೊಡ್ಡ ಥ್ಯಾಂಕ್ಸ್. ಪತ್ತೆಯಾಗದ ಯಾವ ಪೇಪರ್ ಹೆಸರನ್ನೂ ಹಾಕುವಂತಿಲ್ಲ, ಹಾಕಿದ ಪ್ರತಿಯೊಂದರ ಪಿಡಿಎಫ್ ಫೋಲ್ಡರ್‌ನಲ್ಲಿ ಇರಬೇಕು. ಈ ನಿಯಮ ಮೊದಲ ದಿನವೇ ಹೇಳಿಬಿಡಿ.

ಇನ್ನು ಕಾಗದಪತ್ರ. ವಿಜ್ಞಾನಕ್ಕಿಂತ ಜಾಸ್ತಿ ತಲೆ ತಿಂದದ್ದು ಇದೇ. ಪ್ರಾಂಶುಪಾಲರ ಶಿಫಾರಸು ಪತ್ರ, ಗೈಡ್ ಒಪ್ಪಿಗೆ, ಪ್ರತಿ ವಿದ್ಯಾರ್ಥಿಯ ವ್ಯಾಸಂಗ ಪ್ರಮಾಣಪತ್ರ, ಕಾಲೇಜಿನ ಬ್ಯಾಂಕ್ ಖಾತೆ ವಿವರದ ಜೊತೆ ಕ್ಯಾನ್ಸಲ್ ಮಾಡಿದ ಚೆಕ್, ತೋಟದವರ ಒಪ್ಪಿಗೆ ಪತ್ರ, ಸಾಮಾನಿಗೆ ಮೂರು ಕೊಟೇಶನ್. ಈ ಮೂರು ಕೊಟೇಶನ್ ನಮ್ಮನ್ನು ಸುಸ್ತು ಮಾಡಿತು. ಲ್ಯಾಬ್ ಸಾಮಾನಿಗೆ ಜಿಎಸ್‌ಟಿ ಹಾಕಿ ಕೊಟೇಶನ್ ಕೊಡುವ ಮೂರು ಅಂಗಡಿ ನಮಗೆ ಇಲ್ಲಿ ಸಿಗಲಿಲ್ಲ. ಮೈಸೂರಿನ ಅಂಗಡಿಗಳಿಗೆ ಫೋನ್ ಮೇಲೆ ಫೋನ್. ಎರಡು ಸಾವಿರದ ಸಾಮಾನಿಗೆ ಕೊಟೇಶನ್ ಟೈಪ್ ಮಾಡಲು ಯಾರಿಗೆ ಪುರುಸೊತ್ತು? ಒಬ್ಬರು ಕಳಿಸುವಷ್ಟರಲ್ಲಿ ಗಡುವಿಗೆ ಎರಡೇ ದಿನ. ಸೆಪ್ಟೆಂಬರ್‌ನಲ್ಲೇ ಇದನ್ನು ಶುರು ಮಾಡಿ, ಪ್ರಶ್ನೆ ಗಟ್ಟಿಯಾಗಿಲ್ಲದಿದ್ದರೂ ಪರವಾಗಿಲ್ಲ.

ಬಜೆಟ್ ಬರೆಯುವಾಗ ಮಕ್ಕಳು ಎರಡು ತುದಿಗೆ ಹೋಗ್ತಾರೆ. ಒಂದೋ ಲ್ಯಾಪ್‌ಟಾಪ್ ಕೇಳ್ತಾರೆ, ಇಲ್ಲ ಬಸ್ ಚಾರ್ಜ್ ಕೇಳಲೂ ನಾಚಿಕೆ. ನಮ್ಮಲ್ಲಿ ನಿಜವಾಗಿ ಖರ್ಚಾಗುವುದು ಓಡಾಟಕ್ಕೆ. ತೋಟದವರೆಗೆ ಬಸ್ ಹೋಗಲ್ಲ, ಕೊನೆಯ ಮೂರ್ನಾಲ್ಕು ಕಿಲೋಮೀಟರ್ ಆಟೋ ಅಥವಾ ಜೀಪ್. ಅದಕ್ಕೆ ಬಿಲ್ ಸಿಗಲ್ಲ. ಕೈಬರಹದ ವೋಚರ್ ಆಗುತ್ತಾ ಅಂತ ಮೊದಲೇ ಇಮೇಲ್ ಹಾಕಿ ಕೇಳಿದೆವು. ಸಹಿ, ವಾಹನದ ನಂಬರ್ ಇದ್ದರೆ ಆಗುತ್ತೆ ಅಂತ ಉತ್ತರ ಬಂತು. ಆ ಇಮೇಲ್ ಪ್ರಿಂಟ್ ತೆಗೆದು ಫೈಲಿನಲ್ಲಿ ಇಟ್ಟಿದ್ದೇವೆ. ಅರ್ಜಿ ಹಾಕುವ ಹಂತದಲ್ಲೇ ಜೆರಾಕ್ಸ್, ಸ್ಪೈರಲ್ ಬೈಂಡಿಂಗ್, ಓಡಾಟ ಸೇರಿ ತಂಡಕ್ಕೆ ಸಾವಿರದ ಮೇಲೆ ಹೋಯಿತು. ಇದು ಯಾರೂ ವಾಪಸ್ ಕೊಡಲ್ಲ. ಮಕ್ಕಳ ಕೈಯಿಂದ ಹಾಕಿಸಬೇಡಿ, ಕಾಲೇಜಿನ ವಿಜ್ಞಾನ ಸಂಘದ ಹಣ ಇದ್ದರೆ ಕೇಳಿ ನೋಡಿ. ನಮ್ಮಲ್ಲಿ ಅರ್ಧ ಅಲ್ಲಿಂದ ಸಿಕ್ಕಿತು, ಉಳಿದದ್ದು ಸ್ಟಾಫ್ ರೂಮ್ ಚಂದಾ.

ಪೋರ್ಟಲ್ ಬಗ್ಗೆ ಜಾಸ್ತಿ ಹೇಳಲ್ಲ. ಪಿಡಿಎಫ್ 2 ಎಂಬಿ ಒಳಗೆ ಇರಬೇಕು, ಸೀಲು ಸ್ಕ್ಯಾನ್‌ನಲ್ಲಿ ಕಾಣಬೇಕು. ಎರಡೂ ಒಟ್ಟಿಗೆ ಆಗಲು ಕಲರ್ ಬದಲು ಕಪ್ಪುಬಿಳುಪಿನಲ್ಲಿ ಸ್ಕ್ಯಾನ್ ಮಾಡಿ. ಕೊನೆಯ ದಿನ ಸರ್ವರ್ ನಿಧಾನ ಆಗುತ್ತೆ. ಪ್ರಾಂಶುಪಾಲರು ಮೀಟಿಂಗ್‌ಗೆ ಹೋಗುವ ದಿನ ಮೊದಲೇ ಕೇಳಿಟ್ಟುಕೊಳ್ಳಿ. ಅಷ್ಟೇ.

ಆಮೇಲೆ ಕಾಯುವುದು. ಡಿಸೆಂಬರ್ ಇಡೀ ಸುದ್ದಿಯೇ ಇಲ್ಲ. ಮಕ್ಕಳು ದಿನಾ ಕೇಳೋರು, ಆಮೇಲೆ ಕೇಳೋದನ್ನೇ ಬಿಟ್ಟರು. ಅದು ಕಷ್ಟದ ಸಮಯ. ಉತ್ಸಾಹ ಇಳಿದರೆ ಮತ್ತೆ ಏರಿಸೋದು ಸುಲಭ ಅಲ್ಲ. ಮಳೆ ತಂಡಕ್ಕೆ ಪುಸ್ತಕದ ಫೋಟೋಗಳಿಂದ ಅಂಕಿ ತುಂಬುವ ಕೆಲಸ ಇತ್ತು, ಅವರು ಉಳಿದುಕೊಂಡರು. ಒಬ್ಬರು ತುಂಬಿದ್ದನ್ನು ಇನ್ನೊಬ್ಬರು ಪ್ರತ್ಯೇಕವಾಗಿ ತುಂಬಿ, ಎರಡನ್ನೂ ಹೋಲಿಸಿ ನೋಡಬೇಕು ಅಂತ ಅವರೇ ನಿಯಮ ಮಾಡಿಕೊಂಡರು. 1 ಮತ್ತು 7 ಆ ರೈಟರ್ ಕೈಬರಹದಲ್ಲಿ ಒಂದೇ ಥರ.

ಜನವರಿಯಲ್ಲಿ ವಿಡಿಯೋ ಸಂದರ್ಶನಕ್ಕೆ ಕರೆ ಬಂತು. ತಂಡಕ್ಕೆ ಹತ್ತು ನಿಮಿಷ. ಲೈಬ್ರರಿಯ ಒಂದೇ ಮೂಲೆಯಲ್ಲಿ ಸಿಗ್ನಲ್ ನಿಲ್ಲುತ್ತೆ, ಅಲ್ಲೇ ಟೇಬಲ್ ಹಾಕಿದೆವು. ಜೇನು ತಂಡಕ್ಕೆ ಮೊದಲ ಪ್ರಶ್ನೆ ನಾವು ಎಣಿಸಿದ್ದೇ: ಮಳೆ ಬರದಿದ್ದರೆ? ಸ್ಪ್ರಿಂಕ್ಲರ್ ತೋಟ ಅಂದರು. ಮಂಗ ನೆಟ್ ಹರಿದರೆ? ಇದನ್ನು ಎಣಿಸಿರಲಿಲ್ಲ. ಹುಡುಗಿ ಒಂದು ಕ್ಷಣ ಯೋಚಿಸಿ, “ಹರಿದವನ್ನು ಲೆಕ್ಕಕ್ಕೆ ತಗೊಳ್ಳಲ್ಲ, ಅದಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಕೊಂಬೆ ಕಟ್ತೀವಿ” ಅಂದಳು. ಮಳೆ ತಂಡಕ್ಕೆ, ಇದರಲ್ಲಿ ಹೊಸದೇನು ಅಂತ ಕೇಳಿದರು. ಈ ತೋಟಗಳ ಲೆಕ್ಕ ಇಲ್ಲಿಯವರೆಗೆ ಬೀರುವಿನಿಂದ ಹೊರಗೆ ಬಂದಿಲ್ಲ ಅಂದ ಹುಡುಗ. ಸಾಕಾಯಿತು.

ತೋಡಿನ ತಂಡದ್ದು ವಾಪಸ್ ಬಂತು. ಕಾರಣ ಸರಿಯಾಗೇ ಇತ್ತು. ಬಿಒಡಿ (ನೀರಿನ ಕೊಳೆ ತಿನ್ನುವ ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕ) ಅಳೆಯಲು ನೀರನ್ನು 27 ಡಿಗ್ರಿಯಲ್ಲಿ 3 ದಿನ ಇಡಬೇಕು, ನಮ್ಮಲ್ಲಿ ಆ ಇನ್‌ಕ್ಯುಬೇಟರ್ ಇಲ್ಲ. ಹೊರಗಡೆ ಲ್ಯಾಬಿಗೆ ಕಳಿಸಲು ಬಜೆಟ್ ಸಾಲದು. ಒಬ್ಬ ಪರಿಶೀಲಕರು ಒಳ್ಳೆ ಮಾತು ಹೇಳಿದರು. ನೀರಿನ ಬದಲು ನೀರಿನ ಹುಳ ನೋಡಿ ಅಂದರು. ಮೇಫ್ಲೈ, ಸ್ಟೋನ್‌ಫ್ಲೈ, ಕ್ಯಾಡಿಸ್‌ಫ್ಲೈ ಮರಿಗಳಲ್ಲಿ ಹೆಚ್ಚಿನವು ಆಮ್ಲಜನಕ ಕಮ್ಮಿಯಾದ ನೀರಿನಲ್ಲಿ ನಿಲ್ಲುವುದಿಲ್ಲ. ಬೇಕಾದ್ದು ಒಂದು ಬಲೆ, ಬಿಳಿ ಟ್ರೇ, ಭೂತಗನ್ನಡಿ. ಮಕ್ಕಳು ಅವತ್ತು ಅತ್ತರು. ಮುಂದಿನ ಸೋಮವಾರ ಟ್ರೇ ಹಿಡಿದು ಕಾಲೇಜಿನ ಹಿಂದಿನ ತೋಡಿನಲ್ಲಿ ಇಳಿದಿದ್ದರು. ಆ ಪ್ರಪೋಸಲ್ ಅನ್ನು ಮುಂದಿನ ವರ್ಷ ಇವರ ಜೂನಿಯರ್ಸ್ ಹಾಕ್ತಾರೆ.

ಈಗಿನ ಪರಿಸ್ಥಿತಿ ಹೀಗಿದೆ. ಮಂಜೂರಾತಿ ಪತ್ರ ಬಂದಿದೆ, ಹಣ ಬಂದಿಲ್ಲ. ಎರಡು ಕಂತಿನಲ್ಲಿ ಬರುತ್ತಂತೆ, ಎರಡನೆಯದಕ್ಕೆ ಮೊದಲನೆಯದರ ಬಳಕೆ ಪ್ರಮಾಣಪತ್ರ ಕೊಡಬೇಕು. ಹೂ ಮಳೆ ಮಾತ್ರ ಕಂತಿಗೆ ಕಾಯಲ್ಲ. ಫೆಬ್ರವರಿ ಬಂದಾಯಿತು, ಸಂಜೆ ಹೊತ್ತು ಮೋಡ ಕಟ್ಟುತ್ತಿದೆ. ಹಾಗಾಗಿ ನೆಟ್ ಬಟ್ಟೆಯನ್ನು ನಾವೇ ಕೈಯಿಂದ ಹಾಕಿ ತಂದೆವು. ಇಲ್ಲೂ ಒಂದು ನಿಯಮ ಇದೆ, ಪತ್ರದ ತಾರೀಕಿಗಿಂತ ಹಿಂದಿನ ಬಿಲ್ ಅವರು ತಗೊಳ್ಳಲ್ಲ. ನಮ್ಮ ಬಿಲ್ ಪತ್ರ ಬಂದ ಮರುದಿನದ್ದು. ಅಂಗಡಿಯವರು ಹುಡುಗನ ಹೆಸರಿಗೆ ಬರೆದಿದ್ದರು. ವಾಪಸ್ ಕೊಟ್ಟು ಪ್ರಾಂಶುಪಾಲರ ಹೆಸರಿಗೆ, ಜಿಎಸ್‌ಟಿ ನಂಬರ್ ಹಾಕಿಸಿ, ಮತ್ತೆ ಬರೆಸಿಕೊಂಡು ಬಂದೆವು.